ಬೆಂಟಿಯುವಿನಿಂದ ಹೊರಡುವವರಿಗೆ

ಪರದೇಶದ ನೆರವು ಕೆಲಸಕ್ಕೆ ಹೊರಟವರಿಗೆ ಪಾಠ ಹೇಳುವವರು ಬೇಕಾದಷ್ಟು ಮಂದಿ. ಯಾವ ಲಸಿಕೆ ಹಾಕಿಸಿಕೊಳ್ಳಬೇಕು, ರೇಡಿಯೊದಲ್ಲಿ ಹೇಗೆ ಮಾತಾಡಬೇಕು, ಗುಂಡಿನ ಸದ್ದು ಕೇಳಿದರೆ ಎಲ್ಲಿ ಅವಿತುಕೊಳ್ಳಬೇಕು, ಎಲ್ಲವನ್ನೂ ಮೊದಲೇ ಕಲಿಸುತ್ತಾರೆ. ಮರಳಿ ಬರುವ ಪಾಠಕ್ಕೆ ಅಷ್ಟು ಹೊತ್ತು ಕೊಡುವವರು ಕಡಿಮೆ. ಟಿಕೆಟ್ ಬಂತು, ಬಟ್ಟೆ ತುಂಬಿಕೊಂಡಾಯಿತು, ಎಲ್ಲರಿಗೂ ಹೇಳಿ ಹೊರಟರಾಯಿತು ಅನ್ನುವ ಭಾವನೆ. ಒಂಬತ್ತು ತಿಂಗಳೋ ಒಂದು ವರ್ಷವೋ ಇದ್ದು ಬರುವವರಿಗೆ ಹೊರಡುವುದೇ ಒಂದು ಪೂರ್ತಿ ಕೆಲಸ. ವಿಮಾನ ಹತ್ತುವ ಆರು ವಾರ ಮೊದಲು ಅದು ಶುರುವಾಗಬೇಕು, ಊರು ತಲುಪಿದ ಮೂರು ತಿಂಗಳ ಮೇಲೆ ಮುಗಿಯಬೇಕು.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಜಾಗವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ: ದಕ್ಷಿಣ ಸುಡಾನಿನ ಯೂನಿಟಿ ರಾಜ್ಯದ ಬೆಂಟಿಯು. 2011ರ ಜುಲೈ 9ರಂದು ಹುಟ್ಟಿದ ಆ ದೇಶದಲ್ಲಿ 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಶುರುವಾದಾಗ ಜನ ಜೀವ ಉಳಿಸಿಕೊಳ್ಳಲು ವಿಶ್ವಸಂಸ್ಥೆಯ ಶಾಂತಿಪಾಲನಾ ನೆಲೆಗೆ ಓಡಿಬಂದರು. ಶಿಬಿರ ಬೆಳೆದದ್ದು ಹಾಗೆ. 2021ರ ಪ್ರವಾಹದಲ್ಲಿ ಸುತ್ತಲಿನ ನೀರು ಶಿಬಿರದ ನೆಲಮಟ್ಟಕ್ಕಿಂತ ಮೇಲೇರಿತು. ಅದನ್ನು ತಡೆದು ನಿಲ್ಲಿಸಿದ್ದು ಮಣ್ಣಿನ ಏರಿಗಳು. ಇಂಥ ಕಡೆ ಆಸ್ಪತ್ರೆ, ನೀರು, ಉಗ್ರಾಣ ನೋಡಿಕೊಳ್ಳಲು ಹೋಗುವವರಲ್ಲಿ ಭಾರತದ ವೈದ್ಯರು, ನರ್ಸ್‌ಗಳು, ಲಾಜಿಸ್ಟಿಕ್ಸ್‌ನವರು ಇರುತ್ತಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ.

ಬೆಂಟಿಯುವಿನಲ್ಲಿ ನೀವು ಯಾವ ತಿಂಗಳು ಹೊರಡುತ್ತೀರಿ ಎನ್ನುವುದರ ಮೇಲೆ ನಿಮ್ಮ ಹಿಂದೆ ಬರುವವರ ಪಾಡು ನಿಂತಿದೆ. ಅಲ್ಲಿನ ನೆಲ ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನಂಥದ್ದು. ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು. ಮಳೆ ಹಿಡಿದರೆ ತಿಂಗಳುಗಟ್ಟಲೆ ಲಾರಿ ಓಡುವುದಿಲ್ಲ. ಔಷಧ, ಡೀಸೆಲ್, ಕ್ಲೋರಿನ್ ಎಲ್ಲವನ್ನೂ ಒಣಗಾಲದಲ್ಲೇ ತುಂಬಿಸಿಟ್ಟುಕೊಳ್ಳಬೇಕು. ಹೊರದೇಶದಿಂದ ತರಿಸುವ ಸಾಮಾನಿನ ಬೇಡಿಕೆ ಕಳಿಸಿದ ಮೇಲೆ ಕೈಗೆ ಸಿಗಲು ಮೂರರಿಂದ ಆರು ತಿಂಗಳು ಹಿಡಿಯುವುದುಂಟು. ಹಾಗಾಗಿ ಮಾರ್ಚ್‌ನಲ್ಲಿ ಹೊರಡುವ ಫಾರ್ಮಸಿಯವರು ಹಿಂದಿನ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರೆದ ಪಟ್ಟಿಯ ಫಲವನ್ನೋ ಕೊರತೆಯನ್ನೋ ಉಣ್ಣುವವರು ಅವರ ನಂತರ ಬಂದವರು. ಮುಂದಿನವರಿಗೆ ಕೆಲಸ ಒಪ್ಪಿಸುವ ಕಡತದ ಮೊದಲ ಪುಟದಲ್ಲೇ ಇರಬೇಕಾದದ್ದು ಇದು: ಏನೇನು ಬೇಡಿಕೆ ಹೋಗಿದೆ, ಎಷ್ಟು ರಾಜಧಾನಿ ಜುಬಾದಲ್ಲಿ ನಿಂತಿದೆ, ಎಷ್ಟು ಇನ್ನೂ ಹಡಗಿನಲ್ಲಿದೆ.

ಆ ಪಟ್ಟಿ ತಯಾರಿಸುವಾಗ ಆಗುವ ತಪ್ಪು ಯಾವಾಗಲೂ ಒಂದೇ ತರಹದ್ದು. ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಸರಾಸರಿ ಎಂದು ಬರೆದುಬಿಡುತ್ತಾರೆ. ಮಲೇರಿಯಾ ಔಷಧದ ಖರ್ಚು ಮಾರ್ಚ್‌ನಲ್ಲಿ ಒಂದು, ಮಳೆ ಜೋರಾಗಿರುವ ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಸರಾಸರಿ ಎರಡಕ್ಕೂ ಸಲ್ಲುವುದಿಲ್ಲ. ಹಿಂದಿನ ವರ್ಷದ ಅದೇ ತಿಂಗಳುಗಳ ಲೆಕ್ಕ ಕೊಡಿ. ಇನ್ನೊಂದು ಸೂಕ್ಷ್ಮ ಇದೆ. ಯಾವುದೋ ಮಾತ್ರೆ ಮೂರು ವಾರ ಇರಲೇ ಇಲ್ಲವೆಂದರೆ ಆ ತಿಂಗಳ ಖರ್ಚು ಕಡಿಮೆ ಕಾಣುತ್ತದೆ. ಕಾಗದ ನೋಡಿದವರು ಬೇಡಿಕೆಯೇ ಕಡಿಮೆ ಎಂದುಕೊಂಡು ಮುಂದಿನ ಸಲ ಇನ್ನೂ ಕಡಿಮೆ ತರಿಸುತ್ತಾರೆ, ಕೊರತೆ ಮತ್ತಷ್ಟು ಕೊರತೆಯನ್ನು ತರುತ್ತದೆ. ಸ್ಟಾಕ್ ಇಲ್ಲದ ದಿನಗಳನ್ನು ಲೆಕ್ಕದಿಂದ ತೆಗೆದು ಸರಾಸರಿ ಹಾಕಬೇಕು, ಹಾಗೆ ತೆಗೆದಿದ್ದೇವೆ ಎಂದು ಕೆಳಗೆ ಬರೆದೂ ಇಡಬೇಕು.

ಒಪ್ಪಿಸುವ ಕಡತದ ಬಗ್ಗೆ ನಮ್ಮ ಪಟ್ಟು ಇಷ್ಟೇ: ಅಂಕಿಯನ್ನಷ್ಟೇ ಬಿಟ್ಟು ಬರಬೇಡಿ, ಆ ಅಂಕಿಗೆ ಹೇಗೆ ಬಂದಿರಿ ಎನ್ನುವುದನ್ನೂ ಬಿಟ್ಟು ಬನ್ನಿ. ಇದಕ್ಕೆ ನೀರಿನ ಕ್ಲೋರಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 15,000 ಲೀಟರಿನ ರಬ್ಬರ್ ತೊಟ್ಟಿಗೆ ಒಂದೂವರೆ ಲೀಟರ್ ಕ್ಲೋರಿನ್ ದ್ರಾವಣ ಎಂದು ಗೋಡೆಗೆ ಬರೆದು ಹೋಗುವವರುಂಟು. ಬರೆದ ದಿನ ಅದು ಸರಿಯೇ ಇರಬಹುದು. ಮಳೆ ಬಂದು ಮೂಲದ ನೀರು ಕದಡಿದರೆ ಮಣ್ಣು, ಎಲೆಕೊಳೆ ಎಲ್ಲ ಕ್ಲೋರಿನ್ನನ್ನು ನುಂಗಿಹಾಕುತ್ತವೆ, ನಲ್ಲಿಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಎಚ್‌ಟಿಎಚ್ ಎಂಬ ಕ್ಲೋರಿನ್ ಪುಡಿಯ ಡಬ್ಬಿ ಬಿಸಿಲಿನ ಉಗ್ರಾಣದಲ್ಲಿ ಮುಚ್ಚಳ ಸಡಿಲವಾಗಿ ಕೂತಿದ್ದರೆ 65–70 ಶೇಕಡಾ ಇದ್ದ ಅದರ ಬಲವೂ ಕುಗ್ಗಿರುತ್ತದೆ. ಅಷ್ಟೇ ಗ್ರಾಂ ಹಾಕುತ್ತಲೇ ಇರುತ್ತಾರೆ, ಗೋಡೆಯ ಮೇಲೆ ಬರೆದಿದೆಯಲ್ಲ ಎಂದು.

ಬಿಟ್ಟು ಬರಬೇಕಾದದ್ದು ಪರೀಕ್ಷೆಯ ಕ್ರಮವನ್ನು. ಒಂದು ಲೀಟರ್ ನೀರಿಗೆ 15 ಗ್ರಾಂ ಎಚ್‌ಟಿಎಚ್ ಕಲಸಿದರೆ ಸುಮಾರು ಶೇಕಡಾ 1ರ ದ್ರಾವಣವಾಗುತ್ತದೆ. ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ತಲಾ 20 ಲೀಟರ್ ಕ್ಲೋರಿನ್ ಬೆರೆಸದ ನೀರು ತುಂಬಿ, ಸಿರಿಂಜಿನಲ್ಲಿ ಕ್ರಮವಾಗಿ 1, 1.5, 2, 2.5 ಮಿಲಿಲೀಟರ್ ದ್ರಾವಣ ಹಾಕಿ ಕಲಕಿ, 30 ನಿಮಿಷ ಬಿಡಬೇಕು. ಆಮೇಲೆ ಕ್ಲೋರಿನ್ ಅಳೆಯುವ ಪುಟ್ಟ ಸಾಧನವಾದ ಪೂಲ್ ಟೆಸ್ಟರಿನಲ್ಲಿ ನೋಡಿ, ಯಾವ ಬಕೆಟ್ಟಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೋ ಅದನ್ನು ಹಿಡಿಯಬೇಕು. 2 ಮಿಲಿಲೀಟರಿನ ಬಕೆಟ್ ಸರಿಬಂದರೆ 15,000 ಲೀಟರಿಗೆ 1,500 ಮಿಲಿಲೀಟರ್. ಗೋಡೆಯ ಮೇಲಿನ ಒಂದೂವರೆ ಲೀಟರ್ ಹುಟ್ಟಿದ್ದು ಇಲ್ಲಿಂದ. ಯಾವ ಬಕೆಟ್ಟಿನಲ್ಲೂ ಏನೂ ಉಳಿಯದಿದ್ದರೆ ಪ್ರಮಾಣ ಹೆಚ್ಚಿಸಿ ಮತ್ತೆ ಮಾಡಬೇಕು. ನೀರು ತೀರಾ ಬಗ್ಗಡವಾಗಿದ್ದರೆ ಮೊದಲು ಪಟಿಕದಲ್ಲಿ ತಿಳಿಯಾಗಿಸಬೇಕು. ಮಳೆ ಸುರಿದ ಮರುದಿನ, ಹೊಸ ಡಬ್ಬಿ ತೆರೆದ ದಿನ, ನೀರಿನ ಮೂಲ ಬದಲಿಸಿದ ದಿನ ಈ ಪರೀಕ್ಷೆ ಮತ್ತೆ ಆಗಲೇಬೇಕು. ಆ ಬಿಸಿಲಿನಲ್ಲಿ ನಲ್ಲಿಯ ಬಳಿ 0.5 ಇದ್ದದ್ದು ಗುಡಿಸಲಿನ ಜೆರಿಕ್ಯಾನಿನಲ್ಲಿ ಸಂಜೆಯೊಳಗೆ ಸೊನ್ನೆಯಾಗಬಹುದು, ಹಾಗಾಗಿ ಕೆಲವು ಮನೆಗಳ ಕೊಡದ ನೀರನ್ನೂ ಅಳೆಯಬೇಕು. ಬೆಂಟಿಯುವಿನಲ್ಲಿ ಇದು ಬರೀ ನಿಯಮದ ಮಾತಲ್ಲ. ಕೊಳಕು ನೀರಿನಿಂದ ಹರಡುವ, ಗರ್ಭಿಣಿಯರ ಜೀವ ತೆಗೆಯುವ ಯಕೃತ್ತಿನ ಸೋಂಕು ಹೆಪಟೈಟಿಸ್ ಇ ಅಲ್ಲಿ ಮತ್ತೆ ಮತ್ತೆ ಹರಡಿದೆ. ಆ ಕಾಯಿಲೆಯ ಲಸಿಕೆಯನ್ನು ಸಾಂಕ್ರಾಮಿಕ ತಡೆಯಲೆಂದು ಸಾಮೂಹಿಕವಾಗಿ ಹಾಕಿದ್ದು ಜಗತ್ತಿನಲ್ಲೇ ಮೊದಲು ಅಲ್ಲಿ, 2022ರ ಮಾರ್ಚ್‌ನಿಂದ.

ಈ ಪರೀಕ್ಷೆಯನ್ನು ನೀವು ಮಾಡಿ ತೋರಿಸುವುದಲ್ಲ, ಅಲ್ಲಿಯವರೇ ಆದ ನೀರಿನ ತಂಡದವರು ನಿಮ್ಮೆದುರು ಮಾಡಬೇಕು. ಹೊರಡುವ ಮೂರು ವಾರ ಮೊದಲಿಂದ ನೀವು ಕೈ ಹಾಕದೆ ನಿಂತು ನೋಡಿ. ಎಲ್ಲಿ ತಡೆಯುತ್ತಾರೋ ಅದಷ್ಟೇ ನೀವು ಬರೆಯಬೇಕಾದದ್ದು.

ಹೊಸಬರು ಬಂದ ಮೇಲೆ ಒಂದು ವಾರ ಜೊತೆಗಿದ್ದು ಒಪ್ಪಿಸುವುದು ಯೋಜನೆಯಲ್ಲಿ ಇರುತ್ತದೆ. ವೀಸಾ ತಡವಾಗಿ ಆ ವಾರ ಎಷ್ಟೋ ಸಲ ಸಿಗುವುದೇ ಇಲ್ಲ. ಆದ್ದರಿಂದ ಎದುರಿಗೆ ಯಾರೂ ಇರುವುದಿಲ್ಲ ಎಂದುಕೊಂಡೇ ಬರೆಯಿರಿ. ತಿಜೋರಿಯ ಹಣವನ್ನು ಇಬ್ಬರು ಕೂತು ಎಣಿಸಿ ಇಬ್ಬರೂ ಸಹಿ ಹಾಕಿ, ಅದೇ ದಿನ ಬೀಗದ ಸಂಖ್ಯೆ ಬದಲಿಸಬೇಕು. ಬಿಗಿ ನಿಯಂತ್ರಣದ ಔಷಧಗಳಾದ ಮಾರ್ಫಿನ್, ಕೀಟಮಿನ್, ಡಯಾಜೆಪಾಮ್‌ಗಳ ದಾಖಲೆ ಪುಸ್ತಕವನ್ನು ಒಂದೊಂದು ಆಂಪೂಲ್ ಲೆಕ್ಕದಲ್ಲಿ ತಾಳೆ ನೋಡಬೇಕು. ವ್ಯತ್ಯಾಸ ಇದ್ದರೆ ಇದ್ದಂತೆಯೇ ಬರೆಯಬೇಕು, ಮುಚ್ಚಿದ್ದು ಮುಂದಿನವರ ತಲೆಗೆ ಬರುತ್ತದೆ. ಲಸಿಕೆಯ ಫ್ರಿಜ್ಜು 2–8 ಡಿಗ್ರಿಯಲ್ಲಿದೆಯೇ ಎಂದು ಬೆಳಿಗ್ಗೆ ಸಂಜೆ ಯಾರು ನೋಡುತ್ತಾರೆ, ಭಾನುವಾರ ಯಾರು, ಜನರೇಟರ್ ನಿಂತರೆ ಯಾರಿಗೆ ಫೋನ್, ಇವು ಹೆಸರು ಸಮೇತ ಬೇಕು. ಸರ್ಕಾರದ ಪರಿಹಾರ ಮತ್ತು ಪುನರ್ವಸತಿ ಆಯೋಗದವರನ್ನೂ ಶಿಬಿರದ ಮುಖಂಡರನ್ನೂ ಕೊನೆಯ ಹದಿನೈದು ದಿನಗಳಲ್ಲಿ ಖುದ್ದಾಗಿ ಕಂಡು, ಹೊಸಬರ ಹೆಸರು ಹೇಳಿ ಬನ್ನಿ. ಹೇಳದೆ ಹೋದರೆ ಅಲ್ಲಿ ಅದನ್ನು ಅವಮಾನ ಎಂದೇ ಎಣಿಸುತ್ತಾರೆ, ಆ ಸಿಟ್ಟು ತೀರುವುದು ಮುಂದಿನವರ ಪರವಾನಗಿಯ ಮೇಲೆ. ಸಹೋದ್ಯೋಗಿಗಳ ಬಗೆಗಿನ ಗುಮಾನಿ, ಚಾಡಿ ಕಡತದಲ್ಲಿ ಬೇಡವೇ ಬೇಡ. ದೂರು ಇದ್ದರೆ ಅದಕ್ಕಿರುವ ದಾರಿಯಲ್ಲೇ ಕೊಟ್ಟು ಹೊರಡಿ.

ಹೊರಡುವುದು ನೀವು ಮಾತ್ರ. ಆಸ್ಪತ್ರೆ ನಡೆಸುವವರಲ್ಲಿ ಬಹುಪಾಲು ಅಲ್ಲಿಯವರೇ: ನರ್ಸ್‌ಗಳು, ಹೆರಿಗೆ ಮಾಡಿಸುವ ದಾದಿಯರು, ಚಾಲಕರು, ಕಾವಲಿನವರು, ಭಾಷಾಂತರ ಮಾಡುವವರು. ಅದೇ ಶಿಬಿರದ ಗುಡಿಸಲಿನಿಂದ ಕೆಲಸಕ್ಕೆ ಬರುವವರೂ ಇದ್ದಾರೆ. ಆರಾರು ತಿಂಗಳಿಗೆ ಬಂದು ಹೋಗುವ ಎಷ್ಟು ಮೇಲಧಿಕಾರಿಗಳನ್ನು ಅವರು ಕಂಡಿದ್ದಾರೋ. ಬೀಳ್ಕೊಡುಗೆಯ ದಿನ ಅವರಿಗೆ ಸುಳ್ಳು ಆಸೆ ಕೊಡಬೇಡಿ. ಮತ್ತೆ ಬರುತ್ತೇನೆ, ನಿಮ್ಮ ಮಗನನ್ನು ಇಂಡಿಯಾದಲ್ಲಿ ಓದಿಸುತ್ತೇನೆ ಎಂಬ ಮಾತು ಆ ಕ್ಷಣದ ಪ್ರೀತಿಯಿಂದ ಬಂದದ್ದಿರಬಹುದು, ಕೇಳಿಸಿಕೊಂಡವರು ವರ್ಷಗಟ್ಟಲೆ ಕಾಯುತ್ತಾರೆ. ಅದಕ್ಕಿಂತ ಒಂದು ಕಾಗದ ದೊಡ್ಡದು. ಪ್ರತಿಯೊಬ್ಬರಿಗೂ ಸೇವಾ ಪತ್ರ ಬರೆದುಕೊಡಿ: ಹುದ್ದೆ, ಯಾವಾಗಿನಿಂದ ಯಾವಾಗಿನವರೆಗೆ, ಏನೇನು ಕೆಲಸ ಬಲ್ಲರು. ಒಳ್ಳೆಯವರು, ಶ್ರಮಜೀವಿ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮಲೇರಿಯಾದ ರಕ್ತಲೇಪ ಸ್ವತಂತ್ರವಾಗಿ ಓದಬಲ್ಲರು, ರಾತ್ರಿ ಪಾಳಿಯಲ್ಲಿ ಒಬ್ಬರೇ ಹೆರಿಗೆ ಕೋಣೆ ನಡೆಸಿದ್ದಾರೆ ಎಂದರೆ ತಿಳಿಯುತ್ತದೆ. ಸಹಿ, ಮೊಹರು ಹಾಕಿದ ಎರಡು ಪ್ರತಿ ಕೊಟ್ಟು, ಒಂದನ್ನು ಸ್ಕ್ಯಾನ್ ಮಾಡಿ ಅವರ ಇಮೇಲ್‌ಗೂ ಕಳಿಸಿ. ಪ್ರವಾಹಕ್ಕೋ ಬೆಂಕಿಗೋ ಓಡುವಾಗ ಅಲ್ಲಿ ಮೊದಲು ಕಳೆಯುವುದು ಕಾಗದ.

ಸೊಳ್ಳೆಪರದೆ, ಟಾರ್ಚು, ಬೂಟು, ಬಕೆಟ್ಟು ಬಿಟ್ಟು ಬರುತ್ತೀರಿ. ಆಪ್ತರಿಗೆ ಗುಟ್ಟಾಗಿ ಕೊಟ್ಟರೆ ನಿಮ್ಮ ಹಿಂದೆ ಜಗಳ ಉಳಿಯುತ್ತದೆ. ಎಲ್ಲರೆದುರು ಚೀಟಿ ಎತ್ತಿಸುವುದು ಮೇಲು.

ಬೆಂಟಿಯುವಿನಿಂದ ಜುಬಾಗೆ ಬರುವುದು ರುಬ್ಕೋನಾದ ವಿಮಾನಪಟ್ಟಿಯಿಂದ, ಸಾಮಾನ್ಯವಾಗಿ ವಿಶ್ವ ಆಹಾರ ಕಾರ್ಯಕ್ರಮದವರು ನಡೆಸುವ ವಿಶ್ವಸಂಸ್ಥೆಯ ವಿಮಾನದಲ್ಲಿ. ಸಾಮಾನು 20 ಕಿಲೋ. ಮಳೆಗೆ ಪಟ್ಟಿ ಕೆಸರಾದರೆ ಆ ದಿನದ ವಿಮಾನ ಇಲ್ಲ. ಅದಕ್ಕೇ ಜುಬಾದಿಂದ ಹೊರಡುವ ಅಂತರರಾಷ್ಟ್ರೀಯ ಟಿಕೆಟ್ಟಿಗೆ ಮೊದಲು ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ಆ ಎರಡು ದಿನ ಲ್ಯಾಪ್‌ಟಾಪ್ ಒಪ್ಪಿಸಲು, ಲೆಕ್ಕ ತೀರಿಸಲು, ವಿದೇಶಿಯರ ನೋಂದಣಿಯ ಕಾಗದ ಸರಿಯಿದೆಯೇ ನೋಡಲು ಬೇಕೇ ಬೇಕು. ಫೋನಿನಲ್ಲಿ ಉಳಿದ ರೋಗಿಗಳ ಪಟ್ಟಿ, ಗಾಯದ ಫೋಟೊ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಂದ ಹೆಸರುಗಳು ಎಲ್ಲವನ್ನೂ ಅಲ್ಲೇ ಅಳಿಸಿ. ಆ ಮುಖಗಳು ಅವರವು. ಊರಿನ ಭಾಷಣಕ್ಕೆ ಅವು ಬಳಕೆಯಾಗಕೂಡದು.

ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ಎರಡು ವಿಷಯಗಳಿವೆ. ಮೊದಲನೆಯದು ಹಳದಿ ಜ್ವರದ ಕಾರ್ಡು. ದಕ್ಷಿಣ ಸುಡಾನ್ ಮಾತ್ರವಲ್ಲ, ದಾರಿಯಲ್ಲಿ ಸಿಗುವ ಇಥಿಯೋಪಿಯಾ, ಕೆನ್ಯಾ ಕೂಡ ಹಳದಿ ಜ್ವರದ ಪಟ್ಟಿಯಲ್ಲಿವೆ. ಕಾರ್ಡು ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ, ಮನೆಯವರು ಹೊರಗೆ ಕಾಯುತ್ತಾ ನಿಂತಿದ್ದರೂ ಬಿಡುವುದಿಲ್ಲ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡು ಊರ್ಜಿತ. 2016ರ ಜುಲೈ 11ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಈ ಮಧ್ಯೆ ಪಾಸ್‌ಪೋರ್ಟ್ ಬದಲಾಗಿದ್ದರೆ ಹಳೆಯದನ್ನೂ ಕೈಯಲ್ಲಿಟ್ಟುಕೊಳ್ಳಿ, ಕಾರ್ಡಿನಲ್ಲಿರುವುದು ಹಳೆಯ ಸಂಖ್ಯೆ. ಎರಡನೆಯದು ಸ್ಯಾಟಲೈಟ್ ಫೋನು. ಥುರಾಯಾ, ಇರಿಡಿಯಂ ಫೋನುಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ಚಾರಣಿಗರು ಬಳಸುವ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ಕೂಡ ಇದೇ ಸಾಲಿಗೆ ಸೇರುತ್ತದೆ. ಅದನ್ನು ತಂದು ಪೊಲೀಸ್ ಠಾಣೆ ಕಂಡವರಿದ್ದಾರೆ. ಚೀಲದ ಮೂಲೆಯಲ್ಲಿ ಮರೆತದ್ದೂ ಅಪರಾಧವೇ. ನಗದಾಗಿ 5,000 ಡಾಲರಿಗಿಂತ ಹೆಚ್ಚು, ಅಥವಾ ಚೆಕ್ಕುಗಳೂ ಸೇರಿ 10,000 ಡಾಲರಿಗಿಂತ ಹೆಚ್ಚು ತಂದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು.

ತೆರಿಗೆಯ ಲೆಕ್ಕ ತಿಂಗಳ ಮೇಲೆ ನಿಂತಿದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ನಿವಾಸಿ. ಜುಲೈನಲ್ಲಿ ಹೋಗಿ ಮಾರ್ಚ್ ಕೊನೆಗೆ ಬಂದವರು ಆ ವರ್ಷ ಅನಿವಾಸಿ. ಅದೇ ಒಂಬತ್ತು ತಿಂಗಳನ್ನು ಅಕ್ಟೋಬರ್ ನಡುವಿನಿಂದ ಜುಲೈ ನಡುವಿನವರೆಗೆ ಕಳೆದವರು ಎರಡೂ ವರ್ಷ ನಿವಾಸಿಯೇ, ಅಲ್ಲಿಯ ಸಂಬಳ ಇಲ್ಲಿ ತೆರಿಗೆಗೆ ಬರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಆಡಿಟರನ್ನು ಕೇಳುವುದು ಒಳ್ಳೆಯದು.

ಇನ್ನು ದೇಹ. ಇಲ್ಲಿ ಉದಾಸೀನ ಮಾಡಿದರೆ ಪ್ರಾಣಕ್ಕೇ ಬರುತ್ತದೆ. ಮಲೇರಿಯಾ ತಡೆ ಮಾತ್ರೆಯನ್ನು ಊರಿಗೆ ಬಂದ ದಿನವೇ ಬಿಡುವವರು ಬಹಳ. ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೋಕ್ವಿನ್ ಆದರೆ ಬಂದ ಮೇಲೆ ನಾಲ್ಕು ವಾರ, ಅಟೊವಕ್ವೋನ್–ಪ್ರೊಗ್ವಾನಿಲ್ ಆದರೆ ಏಳು ದಿನ ಮುಂದುವರಿಸಬೇಕು. ಕೊನೆಯ ದಿನ ಕಚ್ಚಿದ ಸೊಳ್ಳೆಯ ಪರೋಪಜೀವಿ ಯಕೃತ್ತಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಮಾತ್ರೆ ತೆಗೆದುಕೊಂಡವರಿಗೂ ಬರಬಹುದು. ಮೊದಲ ಮೂರು ತಿಂಗಳಲ್ಲಿ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ, ನಾಳೆಗೆಂದು ಇಡಬಾರದು.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಜ್ವರ ಎಂದರೆ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ, ಟೈಫಾಯ್ಡ್. ಅವರ ತಪ್ಪಲ್ಲ, ನೀವು ಹೇಳಬೇಕು. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ: ದಕ್ಷಿಣ ಸುಡಾನಿನಿಂದ ಇಂಥ ತಾರೀಖು ಬಂದಿದ್ದೇನೆ, ಫಾಲ್ಸಿಪಾರಂ ಮಲೇರಿಯಾ (ಪ್ರಾಣಕ್ಕೆ ಎರವಾಗುವ ಬಗೆ) ಇದೆಯೇ ನೋಡಿ. ಕಾರ್ಡಿನ ಮೇಲೆ ಗೆರೆ ಮೂಡಿಸುವ ತ್ವರಿತ ಪರೀಕ್ಷೆ ನೆಗೆಟಿವ್ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಪೂರ್ವ ಆಫ್ರಿಕಾದ ಕೆಲವೆಡೆ ಆ ಪರೀಕ್ಷೆ ಹುಡುಕುವ ಎಚ್‌ಆರ್‌ಪಿ2 ಪ್ರೋಟೀನನ್ನೇ ತಯಾರಿಸದ ಪರೋಪಜೀವಿಗಳಿವೆ. ತಿರುಗಾಮುರುಗಾ, ಹಿಂದೆ ಮಲೇರಿಯಾ ಬಂದು ವಾಸಿಯಾಗಿದ್ದರೂ ಅದೇ ಪರೀಕ್ಷೆ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು. ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, 12ರಿಂದ 24 ಗಂಟೆಯ ಅಂತರದಲ್ಲಿ ಮೂರು ಸಲ.

ನಮ್ಮ ಕಡೆಯ ವೈದ್ಯರಿಗೆ ತಟ್ಟನೆ ಹೊಳೆಯದ ಕಾಯಿಲೆಗಳನ್ನಂತೂ ನೀವೇ ನೆನಪಿಸಬೇಕಾಗುತ್ತದೆ. ನೈಲ್ ಕಡೆಯ ನದಿ, ಜೌಗು, ಪ್ರವಾಹದ ನೀರಿಗೆ ಕಾಲಿಟ್ಟವರಿಗೆ ಶಿಸ್ಟೊಸೋಮಿಯಾಸಿಸ್ ಅಂಟಿರಬಹುದು. ನೀರಿನ ಬಸವನಹುಳುವಿನಿಂದ ಬರುವ ಈ ಹುಳು ಚರ್ಮದ ಮೂಲಕವೇ ಒಳಹೊಗುತ್ತದೆ. ಬಂದ ತಕ್ಷಣ ಪರೀಕ್ಷೆ ಮಾಡಿಸಿದರೆ ಸಿಗುವುದಿಲ್ಲ, ಕೊನೆಯ ಸಲ ನೀರಿಗಿಳಿದ 8ರಿಂದ 12 ವಾರದ ಮೇಲೆ ಮಾಡಿಸಬೇಕು. ಔಷಧ ಪ್ರಾಜಿಕ್ವಾಂಟೆಲ್, ತೂಕದ ಕಿಲೋಗೆ 40 ಮಿಲಿಗ್ರಾಂ. ಎರಡು ವಾರ ದಾಟಿದ ಜ್ವರ, ಊದಿದ ಗುಲ್ಮ ಇದ್ದರೆ ಮರಳುನೊಣ ಕಚ್ಚಿ ಬರುವ ಕಾಲಾ ಅಜಾರ್ ನೆನಪಿರಲಿ. ಅದಕ್ಕೆ ಭಾರತದಲ್ಲಿ ನೆಚ್ಚುವ ಆರ್‌ಕೆ39 ಪರೀಕ್ಷೆ ಪೂರ್ವ ಆಫ್ರಿಕಾದ ರೋಗಿಗಳಲ್ಲಿ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಮೊದಲ ಎರಡು ತಿಂಗಳಲ್ಲಿ ಕಣ್ಣು ಹಳದಿಯಾದರೆ ಹೆಪಟೈಟಿಸ್ ಇ ಪರೀಕ್ಷೆ ಕೇಳಿ. ಕ್ಷಯದ ರಕ್ತ ಪರೀಕ್ಷೆಯನ್ನು ಎಂಟು–ಹತ್ತು ವಾರದ ನಂತರ ಮಾಡಿಸುವುದು ರೂಢಿ, ಆದರೆ ನಮ್ಮಲ್ಲಿ ಮೊದಲೇ ಪಾಸಿಟಿವ್ ಇರುವವರು ಬಹಳ, ಹೋಗುವ ಮುಂಚಿನ ಫಲಿತಾಂಶ ಕೈಯಲ್ಲಿದ್ದರೆ ಮಾತ್ರ ಹೋಲಿಕೆಗೆ ಅರ್ಥ. ಕೊನೆಯ ವಾರಗಳಲ್ಲಿ ರೋಗಿಗೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿದವರು 28 ದಿನದ ಎಚ್‌ಐವಿ ತಡೆ ಔಷಧವನ್ನು ಪ್ರಯಾಣದ ನಡುವೆ ತಪ್ಪಿಸಬಾರದು, ಆರು ವಾರಕ್ಕೂ ಮೂರು ತಿಂಗಳಿಗೂ ಪರೀಕ್ಷೆ ಮಾಡಿಸಬೇಕು.

ಮನಸ್ಸಿನದು ಇಷ್ಟು ಲೆಕ್ಕಕ್ಕೆ ಸಿಗುವುದಿಲ್ಲ. ಸಂಸ್ಥೆಯವರು ಕೆಲಸದ ಬಗ್ಗೆ ಕೇಳುವ ಮಾತುಕತೆ ಬೇರೆ, ಆಪ್ತಸಮಾಲೋಚಕರ ಜೊತೆಗಿನದು ಬೇರೆ. ಎರಡನ್ನೂ ಕೇಳಿ ಪಡೆಯಿರಿ, ಮೊದಲನೆಯದರಲ್ಲಿ ಅತ್ತು ಎರಡನೆಯದು ಆಯಿತೆಂದುಕೊಳ್ಳಬೇಡಿ. ಆಘಾತ ಕಂಡವರನ್ನೆಲ್ಲ ಒಮ್ಮೆ ಕೂರಿಸಿ ನಡೆದದ್ದನ್ನು ಬಲವಂತವಾಗಿ ಹೇಳಿಸುವುದರಿಂದ ಉಪಯೋಗವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬೇಡವೆಂದಿದೆ. ಹೇಳಬೇಕೆನಿಸಿದಾಗ ಕೇಳುವವರಿರಬೇಕು, ಅಷ್ಟು ಸಾಕು.

ಮನೆಯವರಿಗೆ ಇಲ್ಲೊಂದು ಮಾತು. ಬಂದವರನ್ನು ಮೊದಲ ಹತ್ತು ದಿನ ಮದುವೆ, ಗೃಹಪ್ರವೇಶಗಳಿಗೆ ಎಳೆಯಬೇಡಿ. ಮಕ್ಕಳ ತೋಳಿಗೆ ಅಳತೆಪಟ್ಟಿ ಸುತ್ತಿ, 115 ಮಿಲಿಮೀಟರಿಗಿಂತ ಕಡಿಮೆ ಬಂದವರನ್ನು ತೀವ್ರ ಅಪೌಷ್ಟಿಕತೆಯೆಂದು ದಾಖಲು ಮಾಡಿಕೊಂಡು ಬಂದವರಿಗೆ ಛತ್ರದಲ್ಲಿ ಎಲೆಯ ತುಂಬ ಬಿಟ್ಟೆದ್ದ ಊಟ ನೋಡುವುದು ಕಷ್ಟ. ಆಗ ಅವರು ಸಿಡುಕಿದರೆ ಅದು ನಿಮ್ಮ ಮೇಲಿನ ಸಿಡುಕಲ್ಲ. ದೊಡ್ಡಮ್ಮ, ಚಿಕ್ಕಪ್ಪ ಎಲ್ಲ ಸೇರಿ ಅಲ್ಲಿ ಭಾರಿ ಕಷ್ಟವಂತೆ ಹೌದಾ ಎಂದು ಕೇಳುವಾಗ ಅವರಿಗೆ ಬೇಕಾಗಿರುವುದು ಎರಡು ನಿಮಿಷದ ಉತ್ತರ. ಮರಳಿದವರು ಅದನ್ನು ಮೊದಲೇ ಯೋಚಿಸಿಟ್ಟುಕೊಂಡರೆ ಇಬ್ಬರಿಗೂ ಹಗುರ. ಉಳಿದದ್ದನ್ನು ಮತ್ತೆ ಕೇಳಿದವರಿಗೆ, ಕೂತು ಕೇಳುವವರಿಗೆ ಹೇಳಿದರಾಯಿತು. ನಿದ್ದೆಗೇಡು, ಕೆಟ್ಟ ಕನಸು, ಯಾರೂ ಬೇಡವೆನಿಸುವುದು, ಕುಡಿತ ಹೆಚ್ಚುವುದು ಒಂದು ತಿಂಗಳಾದರೂ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗಲಾಗದವರಿಗೆ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಊರಿಗೆ ಬಂದ ಮೇಲೂ ಅಲ್ಲಿಂದ ಪ್ರಶ್ನೆಗಳು ಬರುತ್ತವೆ: ಆ ಬೀಗದ ಕೈ ಎಲ್ಲಿ, ಈ ಪಂಪಿಗೆ ಯಾವ ಬೆಲ್ಟು. ಮೊದಲ ನಾಲ್ಕು ವಾರ ಉತ್ತರಿಸಿ, ಒಂದೇ ಇಮೇಲ್‌ನಲ್ಲಿ, ಹೊಸ ಜವಾಬ್ದಾರರಿಗೆ ಮಾತ್ರ. ಹಳೆಯ ತಂಡದವರು ನೇರ ನಿಮ್ಮನ್ನೇ ಕೇಳಿ ನಿಮ್ಮ ಮಾತಿನಂತೆ ನಡೆದರೆ ಅಲ್ಲಿರುವವರ ಮಾತಿಗೆ ಬೆಲೆ ಇರುವುದಿಲ್ಲ. ಅವರ ಜೊತೆ ಮಗಳ ಓದು, ಅಮ್ಮನ ಆರೋಗ್ಯ, ಈ ವರ್ಷದ ನೀರಿನ ಮಟ್ಟ ಎಲ್ಲ ಮಾತಾಡಿ, ಔಷಧದ ಪಟ್ಟಿ ಬೇಡ. ಮುಂದಿನ ಒಪ್ಪಂದದ ಕರೆ ಎರಡನೆಯ ತಿಂಗಳಲ್ಲೇ ಬರುವುದುಂಟು, ಅನುಭವಿಗಳಿಗೆ ಎಲ್ಲ ಕಡೆ ಕೊರತೆ. ಹನ್ನೆರಡನೆಯ ವಾರದ ಪರೀಕ್ಷೆಗಳ ಫಲಿತಾಂಶ ಕೈಗೆ ಬರುವವರೆಗೆ ಹ್ಞೂಂ ಅನ್ನಬೇಡಿ.